ಅಡಿಮಗ್ಗುಲಿನ ಅಂಕಿ

ಉತ್ತಪ್ಪ ಒಂದು ಕೋವಿಯನ್ನು ನೋಡಿ "ಸರಿ ಉಂಟು" ಎಂದರೆ ನಾಗಪುರದಲ್ಲಿ ಅದು ಸರಿ. "ಸರಿ ಇಲ್ಲ" ಎಂದರೆ, ಅದನ್ನು ಮಾಡಿದ ಕಾರ್ಖಾನೆಯವನೇ ಬಂದು ಆಣೆ ಇಟ್ಟರೂ ಕೊಳ್ಳುವವರು ಹಿಂದೆ ಸರಿಯುತ್ತಿದ್ದರು. ಸೈನ್ಯದ ವರ್ಕ್‌ಶಾಪುಗಳಲ್ಲಿ ಇಪ್ಪತ್ತೆಂಟು ವರ್ಷ ಬಂದೂಕು ರಿಪೇರಿ ಮಾಡಿ ಕೊನೆಗೆ ಕಾಮಠಿಯಲ್ಲಿ ಸುಬೇದಾರನಾಗಿ ನಿವೃತ್ತನಾದವನು. ಊರು ಕೊಡಗಿನ ನಾಪೋಕ್ಲು ಕಡೆ. ಹೆಂಡತಿ ದೇಚಮ್ಮ ರಾಮದಾಸಪೇಠದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದುದರಿಂದ ಊರಿಗೆ ಹಿಂತಿರುಗುವ ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿ, ವಾಡಿಯ ಲಾರಿಗಳ ಗದ್ದಲದ ಹಿಂದೆ ಎರಡು ಕೋಣೆಯ ಮನೆ ಮಾಡಿಕೊಂಡು ಇಲ್ಲೇ ಉಳಿದಿದ್ದ. ವಾರಕ್ಕೆ ಮೂರು ದಿನ ಸೀತಾಬರ್ಡಿಯ ಹಕೀಮುದ್ದೀನ್ ಸೇಠರ ಕೋವಿ ಅಂಗಡಿಯ ಹಿಂಬದಿಯ ಬೆಂಚಿನಲ್ಲಿ ಕೂರುತ್ತಿದ್ದ. ಅಲ್ಲಿ ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಅವನಿಗೆ ಅದು ಇಷ್ಟ. ಇಷ್ಟ ಎನ್ನುವುದಕ್ಕಿಂತ, ಆ ಮಾತು ಒಂದು ದಿನ ಕಿವಿಗೆ ಬೀಳದಿದ್ದರೆ ಊಟ ರುಚಿಸುತ್ತಿರಲಿಲ್ಲ.

ಹಳೆಯ ಬೇಟೆ ರೈಫಲ್ಲುಗಳಲ್ಲಿ ಬದಲಾಯಿಸಿ ಕೂರಿಸಿದ ಭಾಗಗಳನ್ನು ಪತ್ತೆ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೇಟೆ ನಿಂತು ಹದಿನಾಲ್ಕು ವರ್ಷವಾಗಿದ್ದರೂ ಮಾಲ್ಗುಜಾರರೆಂಬ ಹಳೆಯ ಜಮೀನ್ದಾರರ ಮನೆಯ ಗೋಡೆಗಳಿಂದ ಇಳಿದ ರೈಫಲ್ಲುಗಳು ಸೇಠರ ಅಂಗಡಿಗೆ ಬರುತ್ತಲೇ ಇದ್ದವು. ಒಳ್ಳೆಯ ಕಾರ್ಖಾನೆಯದಾದರೆ ನಳಿಗೆಯ ಮೇಲೆ ಪೂರ್ತಿ ನಂಬರು, ಸಣ್ಣ ಭಾಗಗಳ ಮೇಲೆ ಅದೇ ನಂಬರಿನ ಕೊನೆಯ ಎರಡಂಕಿ ಇರುತ್ತದೆ. ಅವುಗಳಲ್ಲಿ ಬೇಗ ಮುರಿಯುವುದು, ಬೇಗ ಬದಲಾಗುವುದು ಸೇಫ್ಟಿ. ಗುಂಡನ್ನು ನಳಿಗೆಗೆ ದೂಡುವ ಬೋಲ್ಟಿನ ಹಿಂತುದಿಯಲ್ಲಿ ಹೆಬ್ಬೆರಳಿಗೆ ಸಿಗುವ ಪುಟ್ಟ ರೆಕ್ಕೆ ಅದು. ಅತ್ತ ಮಗುಚಿದರೆ ಕೋವಿಗೆ ಬೀಗ, ಇತ್ತ ಮಗುಚಿದರೆ ಬಿಡುಗಡೆ. ಉತ್ತಪ್ಪ ಅದರ ಅಂಕಿ ನೋಡುತ್ತಿದ್ದ, ಬಣ್ಣ ನೋಡುತ್ತಿದ್ದ, ಅಡಿಮಗ್ಗುಲಿನಲ್ಲಿ ಅರದ ಗೀರು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಕೊನೆಯಲ್ಲಿ ಒಂದು ಪರೀಕ್ಷೆ. ಖಾಲಿ ಕೋವಿಯ ಬೋಲ್ಟ್ ಎಳೆದು ಹಾಕಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯುವುದು. ತೆಗೆದಾಗ ಸದ್ದು ಬರಕೂಡದು. ಬಂದರೆ ಆ ಕೋವಿ ಮನುಷ್ಯರ ಮನೆಯಲ್ಲಿ ಇರತಕ್ಕದ್ದಲ್ಲ ಎಂದು ಕೈಕೆಳಗಿನ ಹುಡುಗರಿಗೆ ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದ.

ಎಂಬತ್ತಾರರ ಆಗಸ್ಟಿನಲ್ಲಿ ಸೇಠರು ಒಂದು ಉದ್ದನೆಯ ಕ್ಯಾನ್ವಾಸ್ ಚೀಲ ತಂದು ಅವನ ಬೆಂಚಿನ ಮೇಲಿಟ್ಟರು.

"ಉಸ್ತಾದ್, ಜರಾ ದೇಖೊ. ಒಬ್ಬ ಡಾಕ್ಟರ್ ಸಾಹೇಬರು ಕೇಳ್ತಿದ್ದಾರೆ. ಎಲ್ಲ ಭಾಗ ಅಸಲಿ ಇದ್ದರೆ ಮಾತ್ರ ತಗೋತಾರಂತೆ. ನಿಮ್ಮ ಕೈಬರಹದ ಪಟ್ಟಿ ಬೇಕಂತೆ."

ಉತ್ತಪ್ಪ ಚೀಲ ಬಿಚ್ಚಿದ. ಹಿಡಿಯ ಮೇಲಿದ್ದ ಬೆಳ್ಳಿಯ ಬಿಲ್ಲೆ, ಅದರ ಪಕ್ಕದ ಉಗುರಿನಷ್ಟಗಲದ ಗಾಯ, ಎರಡೂ ಗುರುತಿನವೇ. ಅದು ಬೋಪಣ್ಣನ ಜರ್ಮನ್ ರೈಫಲ್. ಮದ್ದುಗುಂಡು ಮಾಡುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ ಬೋಪಣ್ಣ ನಾಗಪುರದ ಕೊಡವರಲ್ಲಿ ಎಲ್ಲರಿಗಿಂತ ಮೊದಲು ಬಂದು ನೆಲೆನಿಂತವನು; ಅವನ ತಾತ ಯಾವುದೋ ಕಾಫಿ ತೋಟದ ದೊರೆಯಿಂದ ಪಡೆದ ರೈಫಲ್ ಅದು. ಎರಡು ವರ್ಷ ಪೊಲೀಸರ ವಶದಲ್ಲಿದ್ದು ಕಳೆದ ತಿಂಗಳಷ್ಟೇ ಹೊರಗೆ ಬಂದಿತ್ತು, ಈಗ ಬೋಪಣ್ಣ ಅದನ್ನು ಮಾರಲು ಇಟ್ಟಿದ್ದ. ಅದು ವಶಕ್ಕೆ ಹೋದದ್ದು ಏಕೆಂದು ಈ ಊರಿನ ಕೊಡವರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಅಪ್ಪಚ್ಚುವಿನ ಬೆರಳಿನಿಂದ ಎಂದು.

ಅದು ಎಂಬತ್ತನಾಲ್ಕರ ಕೈಲ್ ಮುಹೂರ್ತದ ದಿನ. ಕೊಡವರಿಗೆ ಅದು ಕೋವಿಯ ಹಬ್ಬ. ಕೋವಿಗಳನ್ನು ತೊಳೆದು ಒರೆಸಿ, ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ಕೆಂಪು ಹಳದಿಯ ಕೋವಿ ಹೂವು ಸಿಕ್ಕಿಸುತ್ತಾರೆ. ಹಿರಿಯರು ಅದನ್ನು ಎತ್ತಿ ಕಿರಿಯರ ಕೈಗೆ ಕೊಟ್ಟ ಮೇಲೆ ಊಟ, ತೆಂಗಿನಕಾಯಿಗೆ ಗುರಿ ಹೊಡೆಯುವ ಆಟ. ನಾಗಪುರದ ಹದಿನೈದಿಪ್ಪತ್ತು ಮನೆಯವರು ಸಾವನೇರ್ ರಸ್ತೆಯ ಒಂದು ಕಿತ್ತಳೆ ತೋಟದಲ್ಲಿ ಸೇರುತ್ತಿದ್ದರು. ಹೂವಿಗೂ ಕೊರತೆಯಿರಲಿಲ್ಲ, ಮರಾಠಿಯವರು ಕಳಲಾವಿ, ಜಗಳ ಹಚ್ಚುವುದು, ಎಂದು ಹೇಳಿ ದೂರವಿಡುವ ಅದೇ ಬಳ್ಳಿ ಅಲ್ಲಿನ ಬೇಲಿಯ ತುಂಬ ಇತ್ತು. ಆವತ್ತು ಬೋಪಣ್ಣ ರೈಫಲ್ಲಿಗೆ ಗುಂಡು ತುಂಬಿ, ಸೇಫ್ಟಿ ಹಾಕಿ, ಫ್ಯಾಕ್ಟರಿಯ ಅತಿಥಿಯೊಬ್ಬರಿಗೆ "ನೋಡಿ, ಬೀಗ ಹಾಕಿದ ಮೇಲೆ ಎಷ್ಟು ಎಳೆದರೂ ಹಾರಲ್ಲ" ಎಂದು ಟ್ರಿಗರ್ ಎಳೆದು ತೋರಿಸಿದ. ಹಾರಲಿಲ್ಲ. ಅದನ್ನೇ ಅಪ್ಪಚ್ಚುವಿನ ಕೈಗೆ ಕೊಟ್ಟ. ಅಪ್ಪಚ್ಚು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್, ರೈಲ್ವೆಯ ಗುರಿಕಾರರ ತಂಡದಲ್ಲಿ ಹೆಸರು ಮಾಡಿದವನು. ನಳಿಗೆ ನೆಲದ ಕಡೆ ಓರೆಯಾಗಿದ್ದಂತೆಯೇ ಹೆಬ್ಬೆರಳಿನಿಂದ ಸೇಫ್ಟಿ ತೆಗೆದ. ಗುಂಡು ಹಾರಿತು. ಪಕ್ಕದಲ್ಲಿ ಕಾಯಿಯ ಬುಟ್ಟಿ ಹಿಡಿದು ಹೋಗುತ್ತಿದ್ದ ಅವನ ಹೆಂಡತಿ ಪೊನ್ನಮ್ಮನ ಎಡಗಾಲಿನ ಮೂಳೆ ಪುಡಿಯಾಯಿತು.

"ನಾನು ಟ್ರಿಗರ್ ಮುಟ್ಟಲಿಲ್ಲ, ದೇವರಾಣೆ ಮುಟ್ಟಲಿಲ್ಲ" ಎಂದು ಅಪ್ಪಚ್ಚು ಕೂಗಿದ. ಆಗ ರೈಫಲ್ಲನ್ನು ಎತ್ತಿಕೊಂಡದ್ದು ಉತ್ತಪ್ಪ. ಎಲ್ಲರ ಮುಂದೆ ಗುಂಡು ತೆಗೆದು, ಬೋಲ್ಟ್ ಹಾಕಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ತೋರಿಸಿದ. ಸದ್ದಿಲ್ಲ. "ಸೇಫ್ಟಿ ಸರಿ ಉಂಟು. ಬೆರಳು ಹಾಕದೆ ಕೋವಿ ಹಾರುವುದಿಲ್ಲ" ಎಂದ. ಪರೀಕ್ಷೆಯ ಕೊನೆಯ ಹೆಜ್ಜೆ, ಸೇಫ್ಟಿಯನ್ನು ತೆಗೆದು ನೋಡುವುದು, ಮಾಡಲೇ ಇಲ್ಲ. ಪೊಲೀಸರು ಕೇಳಿದಾಗಲೂ ಅದನ್ನೇ ಹೇಳಿದ. ಉಸ್ತಾದ್ ಹೇಳಿದ ಮೇಲೆ ಇನ್ನೇನು? ಪೊನ್ನಮ್ಮನೇ ಆಕಸ್ಮಿಕ ಎಂದು ಬರೆದುಕೊಟ್ಟದ್ದರಿಂದ ಕೇಸು ಮುಂದೆ ಹೋಗಲಿಲ್ಲ. ಆದರೆ ರೈಲ್ವೆ ತಂಡದಿಂದ ಅಪ್ಪಚ್ಚುವಿನ ಹೆಸರು ಹೋಯಿತು. ಅವನು ಮತ್ತೆ ಕೋವಿ ಮುಟ್ಟಲಿಲ್ಲ, ಹಬ್ಬಕ್ಕೂ ಬರಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಓಡಿಸುತ್ತಿದ್ದ ಪಿ.ಟಿ. ಟೀಚರ್ ಪೊನ್ನಮ್ಮನನ್ನು ಲೈಬ್ರರಿಯಲ್ಲಿ ಕೂರಿಸಿದರು.

ಈಗ ಅದೇ ರೈಫಲ್ ಬೆಂಚಿನ ಮೇಲಿತ್ತು. ಉತ್ತಪ್ಪ ಕನ್ನಡಕ ಒರೆಸಿಕೊಂಡು ಶುರು ಮಾಡಿದ. ನಳಿಗೆಯ ನಂಬರಿನ ಕೊನೆಗೆ ಐದು, ಎರಡು. ಬೋಲ್ಟಿನ ಮೇಲೆ ಐದು ಎರಡು. ಗುಂಡಿಗೆ ಬಡಿಯುವ ಸೂಜಿಯ ಹಿಂಬದಿಯಲ್ಲಿ ಐದು ಎರಡು. ಒಂದೊಂದನ್ನೂ ಪಟ್ಟಿಯಲ್ಲಿ ಬರೆದ. ಸೇಫ್ಟಿಯನ್ನು ಬಿಚ್ಚಿ ಅಡಿಮಗ್ಗುಲಿಗೆ ತಿರುಗಿಸಿದ. ಅಲ್ಲಿ ಅಂಕಿ ಇರಲಿಲ್ಲ. ಅರದ ಗೀರುಗಳಿದ್ದವು, ಎಡದಿಂದ ಬಲಕ್ಕೆ ಇಳಿಯುವ ಗೀರುಗಳು. ಬಲಗೈಯಲ್ಲಿ ಅರ ಹಿಡಿಯುವವರ ಗೀರು ಹಾಗೆ ಬೀಳುವುದಿಲ್ಲ. ಉತ್ತಪ್ಪ ಎಡಚ.

ಅವನಿಗೆ ಆಶ್ಚರ್ಯವಾಯಿತು ಎಂದರೆ ಸುಳ್ಳು ಹೇಳಿದಂತೆ. ಅವನಿಗೆ ಗೊತ್ತಿತ್ತು. ಎಪ್ಪತ್ತೆಂಟರ ಹಬ್ಬದ ಹಿಂದಿನ ಸಂಜೆ ಬೋಪಣ್ಣ ಕಾಮಠಿಯ ಕ್ವಾರ್ಟರ್ಸಿಗೆ ಬೋಲ್ಟ್ ಹಿಡಿದುಕೊಂಡು ಓಡಿ ಬಂದಿದ್ದ. ಒರೆಸುವಾಗ ಕೈತಪ್ಪಿ ಬಿದ್ದು ಸೇಫ್ಟಿಯ ರೆಕ್ಕೆ ಮುರಿದಿತ್ತು. "ಊನವಾದ ಕೋವಿಯನ್ನು ದೀಪದ ಮುಂದೆ ಇಡೋದು ಹೇಗೆ ಮಾರಾಯ?" ಎಂದು ಅಳುಮೋರೆ ಹಾಕಿದ. ಉತ್ತಪ್ಪನ ಬಳಿ ಇತವಾರಿಯ ಗುಜರಿಯಲ್ಲಿ ಸಿಕ್ಕಿದ, ಅದೇ ಜಾತಿಯ ಬೇರೊಂದು ರೈಫಲ್ಲಿನ ಸೇಫ್ಟಿ ಇತ್ತು. ಹಳೆಯ ನಂಬರನ್ನು ಅರದಿಂದ ಉಜ್ಜಿ ತೆಗೆದು, ಮೈಯನ್ನೂ ಉಜ್ಜಿ ಉಜ್ಜಿ ಕೂರುವಂತೆ ಮಾಡಿದ. ಬೆಳಿಗ್ಗೆ ಬೋಪಣ್ಣನ ಮನೆಗೆ ಹೋಗುವಷ್ಟರಲ್ಲಿ ಮನೆಯವರು ರೈಫಲ್ಲನ್ನು ದೀಪದ ಮುಂದೆ ಇಟ್ಟು ಗಂಧ ಹಚ್ಚಿಯಾಗಿತ್ತು. ಅಲ್ಲೇ ಬೋಲ್ಟನ್ನು ತೂರಿಸಿದ. ದೀಪದ ಮುಂದಿಟ್ಟ ಕೋವಿಯನ್ನು ಹಿರಿಯರು ಎತ್ತಿ ಕೊಡುವ ಮೊದಲು ಯಾರೂ ಟ್ರಿಗರ್ ಎಳೆಯಬಾರದು. ಹಾಗಾಗಿ ಪರೀಕ್ಷೆ ಮಾಡಲಿಲ್ಲ. ಅಂಕಿ ಹೊಡೆಯುವ ಪಂಚುಗಳು ವರ್ಕ್‌ಶಾಪಿನಲ್ಲಿದ್ದವು. ಹಬ್ಬ ಮುಗಿಯಲಿ, ನಂಬರನ್ನೂ ಹೊಡೆದು ಪರೀಕ್ಷೆಯನ್ನೂ ಮಾಡಿಬಿಡೋಣ ಎಂದುಕೊಂಡ. ಹಬ್ಬ ಮುಗಿಯಿತು. ಊಟ ಚೆನ್ನಾಗಿತ್ತು. ಅಷ್ಟೇ.

ಆಮೇಲೆ ಆರು ವರ್ಷ ಅದೇ ರೈಫಲ್ಲಿನಿಂದ ಕಾಯಿ ಹೊಡೆದರು, ಏನೂ ಆಗಲಿಲ್ಲ. ಸೇಫ್ಟಿ ಹಾಕಿದ ಕೋವಿಯ ಟ್ರಿಗರನ್ನು ಯಾರೂ ಎಳೆದಿರಲಿಲ್ಲ, ಬೋಪಣ್ಣ ಅತಿಥಿಗೆ ತೋರಿಸಲು ಎಳೆಯುವವರೆಗೆ.

ಉತ್ತಪ್ಪ ಸೇಫ್ಟಿಯನ್ನು ಮತ್ತೆ ಕೂರಿಸಿ ಬೋಲ್ಟ್ ಹಾಕಿದ. ಸೇಫ್ಟಿ ಹಾಕಿದ. ಟ್ರಿಗರ್ ಎಳೆದು ಬಿಟ್ಟ. ಹೆಬ್ಬೆರಳಿನಿಂದ ಸೇಫ್ಟಿ ತೆಗೆದ.

ಟಕ್ಕೆಂದಿತು.

ಇನ್ನೊಮ್ಮೆ ಮಾಡಿದ. ಟಕ್. ಮೂರನೆಯ ಸಲ ಮಾಡುವ ಅಗತ್ಯವಿರಲಿಲ್ಲ, ಆದರೂ ಮಾಡಿದ. ಸರಿಯಾದ ಸೇಫ್ಟಿ ಒಳಗಿನ ಸೂಜಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಹಿಡಿಯಬೇಕು. ಅವನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದ್ದ. ಆದ್ದರಿಂದ ಬೀಗ ಹಾಕಿದಾಗ ಟ್ರಿಗರ್ ಎಳೆದರೆ ಸೂಜಿ ತನ್ನನ್ನು ಹಿಡಿದಿಟ್ಟ ಕೊಕ್ಕೆಯಿಂದ ತಪ್ಪಿಸಿಕೊಂಡು ಸೇಫ್ಟಿಗೇ ಒರಗಿ ನಿಲ್ಲುತ್ತಿತ್ತು. ಆಮೇಲೆ ಸೇಫ್ಟಿ ತೆಗೆದವನ ಬೆರಳು ಎಲ್ಲಿದ್ದರೂ ಗುಂಡು ಹಾರುತ್ತಿತ್ತು. ಅಪ್ಪಚ್ಚು ಹೇಳಿದ್ದು ಅಕ್ಷರಶಃ ನಿಜ.

ಕಿತ್ತಳೆ ತೋಟದಲ್ಲಿ ಆವತ್ತು ಈ ನೆನಪು ಬಂದಿರಲಿಲ್ಲವೇ? ಬಂದಿತ್ತು. ಮನಸ್ಸಿನ ಮೂಲೆಯಲ್ಲಿ ಇಷ್ಟೇ ಇಷ್ಟು ಮಿಸುಕಿತ್ತು. ಅದು ಬಾಯಿಗೆ ಬಂದುಬಿಟ್ಟೀತೆಂದೇ ಅಷ್ಟು ಜೋರಾಗಿ ಮಾತಾಡಿದ್ದ. ಕೊನೆಯ ಹೆಜ್ಜೆ ಮರೆತದ್ದಲ್ಲ, ಬಿಟ್ಟದ್ದು. ಬೆಂಚಿನ ಮುಂದೆ ಕೂತು ಇದನ್ನು ಒಪ್ಪಿಕೊಂಡಾಗ ಅವನ ಕಿವಿಯ ತನಕ ಬಿಸಿಯೇರಿತು.

ಇಷ್ಟಕ್ಕೆ ನಿಂತಿದ್ದರೆ ಅವನನ್ನು ಕ್ಷಮಿಸಬಹುದಿತ್ತು. ಕೆಲಸಗಾರನ ಕೈ ತಪ್ಪುತ್ತದೆ, ಹೆದರಿದವನ ನಾಲಿಗೆಯೂ ತಪ್ಪುತ್ತದೆ. ಆದರೆ ಈಗ ಪಂಚುಗಳ ಡಬ್ಬಿ ಅವನ ಎಡಗೈಗೆ ನಿಲುಕುವಷ್ಟು ಹತ್ತಿರದಲ್ಲಿತ್ತು. ಎರಡು ಏಟು, ಐದು ಮತ್ತು ಎರಡು. ಸ್ವಲ್ಪ ಎಣ್ಣೆ, ಸ್ವಲ್ಪ ಮಸಿ. ಆಮೇಲೆ ಯಾವ ಡಾಕ್ಟರೂ ಯಾವ ಭೂತಗನ್ನಡಿಯೂ ಅದನ್ನು ಹಿಡಿಯಲಾರದು, ಏಕೆಂದರೆ ಅದನ್ನು ಹಿಡಿಯಬಲ್ಲ ಮನುಷ್ಯ ನಾಗಪುರದಲ್ಲಿ ಒಬ್ಬನೇ. ಉತ್ತಪ್ಪ ಸೇಫ್ಟಿಯನ್ನು ಬಿಗಿದು ಹಿಡಿಯುವ ವೈಸ್‌ಗೆ ಸಿಕ್ಕಿಸಿದ. ಐದರ ಪಂಚನ್ನು ಇಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟ. ಕೈ ಒಂದಿಷ್ಟೂ ನಡುಗಲಿಲ್ಲ. ಅಂಕಿ ಅಚ್ಚುಕಟ್ಟಾಗಿ ಮೂಡಿತು.

ಎರಡರ ಪಂಚನ್ನು ಎತ್ತಿಕೊಳ್ಳುವಾಗ ಸೇಠರು ಚಹಾದ ಲೋಟ ಹಿಡಿದು ಒಳಗೆ ಬಂದರು.

"ಅರೆ ಉಸ್ತಾದ್, ಇಷ್ಟು ಹೊತ್ತು ಯಾಕೆ? ಆಪ್ ಲಿಖ್ ದೋ, ಬಸ್. ನೀವು ಬರೆದದ್ದೇ ಮೊಹರು. ನಿಮ್ಮಂಥ ಇಮಾನ್‌ದಾರ್ ಮನುಷ್ಯ ಇನ್ನೆಲ್ಲಿ ಸಿಗ್ತಾನೆ?"

ಉತ್ತಪ್ಪ ಪಂಚನ್ನು ಕೆಳಗಿಟ್ಟ. "ಇನ್ನೂ ಸ್ವಲ್ಪ ದಿನ ಬೇಕು ಸೇಠ್‌ಜಿ" ಎಂದು ಹೇಳಿ ಎದ್ದ. ಐದನ್ನು ಅರದಿಂದ ಉಜ್ಜಿ ಅಳಿಸಬಹುದಿತ್ತು. ಅರ ಕೈಗೆ ತೆಗೆದುಕೊಂಡೂ ಇದ್ದ. ಮತ್ತೆ ಅದೇ ಭಾಗಕ್ಕೆ ಅದೇ ಕೈಯಿಂದ ಅರ ಹಾಕಲು ಅವನಿಗೆ ಹೇಸಿಗೆಯಾಯಿತು.

ಮೂರು ದಿನ ಮನೆಯಲ್ಲಿ ಸುಮ್ಮನೆ ಕೂತ. ನಾಲ್ಕನೆಯ ದಿನ ಮಧ್ಯಾಹ್ನ, ಡ್ಯೂಟಿ ಮುಗಿಸಿ ಬಂದ ದೇಚಮ್ಮ ತಟ್ಟೆಯಲ್ಲಿ ಹಾಗೇ ಉಳಿದಿದ್ದ ಅಕ್ಕಿರೊಟ್ಟಿಯನ್ನು ನೋಡಿ ಎದುರಿಗೆ ಕೂತಳು.

"ಎಂತ ಆಗಿದೆ, ಹೇಳಿ. ಇಲ್ಲದಿದ್ರೆ ಆಸ್ಪತ್ರೆಗೆ ನಡೀರಿ."

ಅವನು ಹೇಳಿದ. ಗುಜರಿಯ ಸೇಫ್ಟಿ, ಹಬ್ಬದ ಬೆಳಿಗ್ಗೆ, ಟಕ್ಕೆಂದ ಸದ್ದು, ಎಲ್ಲ ಹೇಳಿದ. ಐದರ ವಿಷಯ ಮಾತ್ರ ಹೇಳಲಿಲ್ಲ. ದೇಚಮ್ಮ ಅಳಲಿಲ್ಲ, ಬೈಯಲಿಲ್ಲ. ಮೂವತ್ತು ವರ್ಷ ಗಾಯ ತೊಳೆದ ಹೆಂಗಸು.

"ಆ ಹುಡುಗಿಯ ಕಾಲಿಗೆ ಐದು ತಿಂಗಳು ಡ್ರೆಸ್ಸಿಂಗ್ ಮಾಡಿದ್ದು ನಾನು. ಪ್ರತಿ ಸಲವೂ ಅಪ್ಪಚ್ಚು ಬಾಗಿಲ ಹೊರಗೆ ನಿಂತಿರ್ತಿದ್ದ, ಒಳಗೆ ಬರ್ತಿರಲಿಲ್ಲ. ನನಗೆ ಹೇಳಿದ್ರೆ ನಿಮಗೆ ಹಗುರ ಆಗ್ತದೆ, ಅಷ್ಟೇ. ಹೇಳಬೇಕಾದವರಿಗೆ ಹೋಗಿ ಹೇಳಿ."

ಅಜನಿಯಲ್ಲಿ ಅಪ್ಪಚ್ಚುವಿನ ರೈಲ್ವೆ ಕ್ವಾರ್ಟರ್ಸಿನ ಬಾಗಿಲು ತೆಗೆದವಳು ಪೊನ್ನಮ್ಮ. "ಬನ್ನಿ ಮಾವ" ಎಂದು ಎಡಗಾಲನ್ನು ಸ್ವಲ್ಪ ಎಳೆಯುತ್ತ ಮುಂದೆ ನಡೆದಳು. ಆ ನಡಿಗೆಯನ್ನು ಅವನು ಎರಡು ವರ್ಷದಿಂದ ನೋಡುತ್ತ ಬಂದಿದ್ದ, ಮದುವೆ ಮನೆಗಳಲ್ಲಿ, ಬಜಾರಿನಲ್ಲಿ. ಪಾಪ ಎಂದುಕೊಂಡಿದ್ದ. ತನ್ನ ಅರದ ಗುರುತೆಂದು ನೋಡಿದ್ದು ಅದೇ ಮೊದಲು.

ಅಪ್ಪಚ್ಚು ಅರ್ಧ ಯೂನಿಫಾರ್ಮಿನಲ್ಲಿ ಕೂತು ಬೂಟು ಒರೆಸುತ್ತಿದ್ದ. ನಲವತ್ತು ಮುಟ್ಟಿರಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. ಉತ್ತಪ್ಪ ಕಾಫಿ ಮುಟ್ಟದೆ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಹೇಳುವಾಗ ಅವನ ಕಣ್ಣು ಬೂಟಿನ ಮೇಲಿತ್ತು. ಅಪ್ಪಚ್ಚು ಎದ್ದು ಹೊಡೆಯಲಿ ಎಂದು ಉತ್ತಪ್ಪ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ.

"ಮಾವ," ಎಂದ ಅಪ್ಪಚ್ಚು, ಬಹಳ ನಿಧಾನವಾಗಿ. "ಆವತ್ತು ನನ್ನ ಬೆರಳು ಹೊರಗೇ ಇತ್ತು. ನನಗೆ ಗೊತ್ತಿತ್ತು. ಮರುದಿನವೂ ಗೊತ್ತಿತ್ತು. ಆಮೇಲೆ ನೀವು ಹೇಳಿದ್ದನ್ನು ಯೋಚನೆ ಮಾಡ್ತಾ ಹೋದೆ. ಉತ್ತಪ್ಪ ಮಾವ ಸುಳ್ಳು ಹೇಳೋರಲ್ಲ, ಕೋವಿ ವಿಷಯದಲ್ಲಂತೂ ಅಲ್ಲ. ಹಾಗಾದ್ರೆ ಬೆರಳು ಒಳಗೆ ಹೋಗಿರಲೇಬೇಕು ಅಂದುಕೊಂಡೆ. ಒಂದು ಆರು ತಿಂಗಳಾದ ಮೇಲೆ ನನಗೆ ನೆನಪೇ ಬಂತು. ಬೆರಳು ಒಳಗೆ ಹೋದದ್ದು, ಟ್ರಿಗರ್ ತಣ್ಣಗಿದ್ದದ್ದು, ಒತ್ತಿದ್ದು. ಎಲ್ಲ ನೆನಪು ಬಂತು. ಈಗಲೂ ಉಂಟು. ಆಗದೇ ಇದ್ದದ್ದು ನನಗೆ ನೆನಪುಂಟು ಮಾವ. ಅದನ್ನು ಈಗ ಎಂತ ಮಾಡೋದು? ನೀವೇ ಹೇಳಿ."

ಒಬ್ಬ ಮನುಷ್ಯನ ಹೆಸರು ಕೆಡಿಸಿದ್ದೇನೆ ಎಂದುಕೊಂಡು ಉತ್ತಪ್ಪ ಬಂದಿದ್ದ. ಅವನ ತಲೆಯೊಳಗೇ ಕೈಹಾಕಿ ಬೇರೆ ಭಾಗ ಕೂರಿಸಿ ಬಂದಿದ್ದೇನೆ ಎಂದು ಗೊತ್ತಿರಲಿಲ್ಲ.

ಪೊನ್ನಮ್ಮ ಗೋಡೆಗೆ ಒರಗಿ ನಿಂತಿದ್ದಳು. "ಇವರು ಮುಟ್ಟಲಿಲ್ಲ ಅಂದಾಗ ನಾನೂ ನಂಬಲಿಲ್ಲ" ಎಂದಳು. "ಹೋಗಲಿ ಬಿಡಿ, ಆದದ್ದು ಆಯ್ತು ಅಂತಿದ್ದೆ. ಕ್ಷಮಿಸಿದವಳ ಹಾಗೆ. ಎರಡು ವರ್ಷ ದಿನಾ ಕ್ಷಮಿಸಿದ್ದೇನೆ ಮಾವ, ಮಾಡದ ತಪ್ಪಿಗೆ." ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ಅವನನ್ನೇ ನೋಡಿದಳು. "ನಮ್ಮ ಮನೆಯೊಳಗೆ ಬಂದು ಹೇಳಿದ್ರೆ ಸಾಲದು. ಎಲ್ಲಿ ಹೇಳಿದಿರೋ ಅಲ್ಲೇ ಹೇಳಿ. ಹಬ್ಬ ಈ ಭಾನುವಾರ. ನಾವೂ ಬರ್ತೇವೆ."

ಭಾನುವಾರ ಕಿತ್ತಳೆ ತೋಟದಲ್ಲಿ ಬೆಳಗಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಅಪ್ಪಚ್ಚು, ಪೊನ್ನಮ್ಮ ಬಂದದ್ದನ್ನು ಕಂಡು ಕೆಲವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಯಾರೂ ಕೈ ಕೊಡಲಿಲ್ಲ. ಹಂದಿ ಮಾಂಸದ ಘಮ, ಕಡಂಬುಟ್ಟಿನ ಅಕ್ಕಿ ಉಂಡೆಗಳ ಹಬೆ, ಹಿಂದಿ ಮರಾಠಿ ಬೆರೆಸಿ ಮಾತಾಡುವ ಮಕ್ಕಳ ಗಲಾಟೆ. ಸೇಠರ ಅಂಗಡಿಯಿಂದ ಬಿಡಿಸಿ ತಂದ ರೈಫಲ್ಲನ್ನು ಬೋಪಣ್ಣ ಉಳಿದ ಕೋವಿಗಳ ಜೊತೆ ದೀಪದ ಮುಂದೆ ಇಟ್ಟಿದ್ದ. ಮಾರುವ ಮೊದಲು ಕೊನೆಯ ಪೂಜೆಯಾಗಲಿ ಎಂದು. ಅಲ್ಲಿದ್ದವರಲ್ಲಿ ವಯಸ್ಸಿಗೆ ಹಿರಿಯ ಉತ್ತಪ್ಪನೇ. ಕೋವಿಗಳನ್ನು ಎತ್ತಿ ಕಿರಿಯರಿಗೆ ಕೊಡಬೇಕಾದವನು ಅವನು.

ಅವನು ಕೋವಿ ಎತ್ತಲಿಲ್ಲ. ಜೇಬಿನಿಂದ ಪಟ್ಟಿ ತೆಗೆದ.

"ಬೋಪಣ್ಣನ ರೈಫಲ್ ನೋಡಿದ್ದೇನೆ. ಓದುತ್ತೇನೆ, ಎಲ್ಲರೂ ಕೇಳಿ" ಎಂದ. "ನಳಿಗೆ, ಅಸಲಿ. ಬೋಲ್ಟ್, ಅಸಲಿ. ಸೂಜಿ, ಅಸಲಿ. ಟ್ರಿಗರ್, ಅಸಲಿ." ಪಟ್ಟಿಯಿಂದ ಕಣ್ಣೆತ್ತಿದ. "ಸೇಫ್ಟಿ ಅಸಲಿ ಅಲ್ಲ. ಬೇರೆ ರೈಫಲ್ಲಿನದು. ಎಪ್ಪತ್ತೆಂಟರಲ್ಲಿ ನಾನೇ ಹಾಕಿದ್ದು. ತಪ್ಪು ಹಾಕಿದ್ದೇನೆ. ಟ್ರಿಗರ್ ಮುಟ್ಟದೆ, ಸೇಫ್ಟಿ ತೆಗೆದರೆ ಸಾಕು, ಇದು ಹಾರುತ್ತದೆ. ಎರಡು ವರ್ಷದ ಹಿಂದೆ ಇಲ್ಲೇ ನಿಂತು ಸೇಫ್ಟಿ ಸರಿ ಉಂಟು ಅಂದೆ. ಪರೀಕ್ಷೆ ಪೂರ್ತಿ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ. ಅಪ್ಪಚ್ಚುವಿನ ಬೆರಳು ಟ್ರಿಗರಿನ ಮೇಲೆ ಇರಲಿಲ್ಲ."

ಬೋಪಣ್ಣನ ಮುಖ ಕೆಂಪಾಯಿತು. "ಏನು ಹೇಳ್ತಿದ್ದೀ ಉತ್ತಪ್ಪ? ತೋರಿಸು" ಎಂದ. ಉತ್ತಪ್ಪ ದೀಪಕ್ಕೆ ಕೈಮುಗಿದು, ಗಂಧ ಹಚ್ಚಿದ ಆ ರೈಫಲ್ಲನ್ನು ಎತ್ತಿಕೊಂಡ. ನಳಿಗೆಯ ಬಾಯಿಯ ಹೂವನ್ನು ತೆಗೆದ. ಬೋಲ್ಟ್, ಸೇಫ್ಟಿ, ಟ್ರಿಗರ್. ಸದ್ದಿಲ್ಲ. ಹೆಬ್ಬೆರಳಿನಿಂದ ಸೇಫ್ಟಿ ತೆಗೆದ. ಟಕ್ಕೆಂದದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಎಂಟು ವರ್ಷದ ಹಿಂದಿನ ಹಬ್ಬದ ಬೆಳಿಗ್ಗೆಯೇ ಮಾಡಬೇಕಿದ್ದ ಕೆಲಸ ಅದು.

ಆಮೇಲೆ ನಡೆದದ್ದನ್ನು ಉತ್ತಪ್ಪ ನಿರೀಕ್ಷಿಸಿರಲಿಲ್ಲ. ಯಾರೋ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಎಷ್ಟು ದೊಡ್ಡ ಮನಸ್ಸು ನಿಮ್ಮದು. ಈ ಕಾಲದಲ್ಲಿ ಯಾರು ಹೀಗೆ ಒಪ್ಪಿಕೊಳ್ತಾರೆ?" ಎಂದರು. ಏರ್‌ಫೋರ್ಸಿನ ಒಬ್ಬರು, "ಇದನ್ನೇ ನಾವು ಮಕ್ಕಳಿಗೆ ಕಲಿಸಬೇಕಾದ್ದು" ಎಂದರು. ಬೋಪಣ್ಣನ ಕಣ್ಣಲ್ಲೂ ನೀರು ಬಂತು. ಎಲ್ಲರೂ ಉತ್ತಪ್ಪನನ್ನು ಸುತ್ತಿಕೊಂಡರು. ಅಪ್ಪಚ್ಚುವಿನ ಬಳಿಗೆ ಹೋಗಿ ತಪ್ಪಾಯಿತು ಎಂದವರು ಇಬ್ಬರೋ ಮೂವರೋ. ಎರಡು ವರ್ಷ ತಲೆ ತಗ್ಗಿಸಿದವನು ಅಂಚಿನಲ್ಲಿ ನಿಂತಿದ್ದ, ತಗ್ಗಿಸುವಂತೆ ಮಾಡಿದವನು ನಡುವೆ ನಿಂತು ಹೊಗಳಿಸಿಕೊಳ್ಳುತ್ತಿದ್ದ. ಉತ್ತಪ್ಪನಿಗೆ ಅದು ಕಾಣುತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಆದರೂ, ಹೇಳಲೇಬೇಕೆಂದರೆ, ಒಳಗೆಲ್ಲೋ ಸ್ವಲ್ಪ ಹಿತವಾಗಿಯೂ ಇತ್ತು.

ಬಿಚ್ಚಿದ ಸೇಫ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಅಷ್ಟು ಚಿಕ್ಕ ತುಂಡು ಇಷ್ಟೆಲ್ಲ ಮಾಡಿತೇ ಎಂದು ಎಲ್ಲರೂ ಮೇಲ್ಮೇಲೆ ನೋಡಿ ಮುಂದಿನವರಿಗೆ ಕೊಟ್ಟರು. ಕೊನೆಗೆ ಅದು ಅಪ್ಪಚ್ಚುವಿನ ಕೈಗೆ ಬಂತು. ಅಪ್ಪಚ್ಚು ಗಾರ್ಡ್. ವ್ಯಾಗನ್ನುಗಳ ಸೀಲುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದೇ ಅವನ ಕೆಲಸ. ಅವನು ಅದನ್ನು ಅಡಿಮಗ್ಗುಲಿಗೆ ತಿರುಗಿಸಿದ, ಬಿಸಿಲಿಗೆ ಹಿಡಿದ, ಬಲಗೈಯ ತೋರುಬೆರಳಿನಿಂದ ಮೆಲ್ಲಗೆ ಸವರಿದ. ಎರಡು ವರ್ಷ ಅವನು ಶಪಿಸಿದ ಬೆರಳು ಅದು.

"ಮಾವ," ಎಂದ. "ಇಲ್ಲೊಂದು ಐದು ಉಂಟು."

ಅಪ್ಪಚ್ಚು ಸೇಫ್ಟಿಯನ್ನು ಉತ್ತಪ್ಪನ ಮುಂದೆ ಹಿಡಿದ.

"ಇಡೀ ಸೇಫ್ಟಿ ಕಪ್ಪಾಗಿದೆ. ಐದರ ಒಳಗೆ ಮಾತ್ರ ಹೊಳಪು ಹೋಗಿಲ್ಲ. ಇದು ಯಾವಾಗ ಹೊಡೆದದ್ದು?"

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರಲ್ಲಿ ಕೇಳುವ ಹಾಗೆ ಕೇಳಿದ್ದ. ಹೆಗಲ ಮೇಲೆ ಇನ್ನೂ ಯಾರದೋ ಕೈ ಇತ್ತು. ಆಗಲೇ ಹೊಡೆದದ್ದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅಲ್ಲಿದ್ದವರೆಲ್ಲ ನಂಬುತ್ತಿದ್ದರು. ಅಪ್ಪಚ್ಚುವೂ ನಂಬುತ್ತಿದ್ದ, ತನ್ನ ಕಣ್ಣನ್ನು ಬಿಟ್ಟು ಉಸ್ತಾದನ ಮಾತನ್ನು ನಂಬುತ್ತಿದ್ದ, ಆಗ ತನ್ನ ಬೆರಳನ್ನು ಬಿಟ್ಟು ನಂಬಿದ ಹಾಗೆಯೇ.

"ಮೊನ್ನೆ" ಎಂದ ಉತ್ತಪ್ಪ. "ಈ ಆಗಸ್ಟಿನಲ್ಲಿ. ನನ್ನ ತಪ್ಪೆಂದು ಪೂರ್ತಿ ಗೊತ್ತಾದ ಮೇಲೆ. ಅಸಲಿ ಅಂತ ಕಾಣಲಿ ಅಂತ ನಂಬರು ಹೊಡೆಯಲು ಹೋದೆ. ಐದು ಹೊಡೆದಾಗ ಸೇಠರು ಬಂದರು. ಅವರು ಬರದಿದ್ದರೆ ಪಕ್ಕದಲ್ಲಿ ಎರಡನ್ನೂ ಹೊಡೆಯುತ್ತಿದ್ದೆ. ಪಟ್ಟಿಯಲ್ಲಿ ಅಸಲಿ ಅಂತ ಬರೆಯುತ್ತಿದ್ದೆ. ನಿಮ್ಮ ಮನೆಗೆ ಬರುತ್ತಿರಲಿಲ್ಲ ಮಗಾ."

ಹೆಗಲ ಮೇಲಿನ ಕೈ ಮೆಲ್ಲಗೆ ಜಾರಿತು. ಸುತ್ತ ನಿಂತವರಲ್ಲಿ ಒಬ್ಬರು ಅಡುಗೆಯ ಕಡೆ ಹೋದರು, ಇನ್ನೊಬ್ಬರು ಮಕ್ಕಳನ್ನು ಕರೆದರು. ದೇಚಮ್ಮ ದೂರದಲ್ಲಿ ಎಲೆ ಹಾಕುತ್ತಿದ್ದವಳು ಒಮ್ಮೆ ತಲೆಯೆತ್ತಿ ಗಂಡನನ್ನು ನೋಡಿ ಮತ್ತೆ ಬಗ್ಗಿದಳು. ಅವಳಿಗೂ ಹೇಳಿರಲಿಲ್ಲವಲ್ಲ.

ಅಪ್ಪಚ್ಚು ಯೂನಿಫಾರ್ಮು ಇಲ್ಲದ ದಿನವೂ ಜೇಬಿನಲ್ಲಿ ಇಟ್ಟುಕೊಳ್ಳುವ ಪೆನ್ನನ್ನು ತೆಗೆದು ಮುಂದೆ ಚಾಚಿದ.

"ಅದನ್ನೂ ಪಟ್ಟಿಯಲ್ಲಿ ಬರೆಯಿರಿ ಮಾವ. ತಾರೀಖು ಹಾಕಿ."

ಉತ್ತಪ್ಪ ತೋಟದ ಕಟ್ಟೆಯ ಮೇಲೆ ಕಾಗದವಿಟ್ಟು ಬರೆದ. ಎಲ್ಲ ಬರೆದು ಸಹಿ ಹಾಕಿ, ಯಾರಿಗೆ ಕೊಡಬೇಕೆಂದು ತಿಳಿಯದೆ ಕಾಗದ ಹಿಡಿದು ನಿಂತ. ಪೊನ್ನಮ್ಮ ಕಾಲೆಳೆಯುತ್ತ ಬಂದು ಅದನ್ನು ತೆಗೆದುಕೊಂಡಳು. ಎರಡು ಸಲ ಓದಿದಳು. ಗಂಡನಿಗೆ ಕೇಳುವಂತೆ ಮೂರನೆಯ ಸಲ ಗಟ್ಟಿಯಾಗಿ ಓದಿದಳು, "ಅಪ್ಪಚ್ಚುವಿನ ಬೆರಳು ಟ್ರಿಗರಿನ ಮೇಲೆ ಇರಲಿಲ್ಲ" ಎಂಬ ಸಾಲನ್ನು ಮಾತ್ರ.

"ಡಾಕ್ಟರರಿಗೆ ಬೇರೆ ಪಟ್ಟಿ ಬರೆದುಕೊಡಿ" ಎಂದಳು. "ಇದು ನಮ್ಮ ಮನೆಯಲ್ಲಿರಲಿ. ಇವರಿಗೆ ದಿನಾ ಓದಿ ಹೇಳಬೇಕು."